ನಿಲ್ಲಿಸಮ್ಮ ಆರಿಸಿದ ಪಿಕಪ್ಪು

ರೇಸ್ ಕಾರು ಕಟ್ಟುವವರ ತಲೆಗೆ ಒಂದು ಹುಳ ಹೊಕ್ಕಿರುತ್ತದೆ, ವೇಗದ ಹುಳ. ಅದು ಹೊಕ್ಕ ಮೇಲೆ ಅವರಿಗೆ ಊಟ, ನಿದ್ದೆ, ನೆಂಟರು ಯಾವುದೂ ನೆನಪಿರುವುದಿಲ್ಲ. ಈ ಕತೆಯ ಲೇತ್ ಕೆಲಸದವನ ತಲೆಯಲ್ಲಿ ಅದು ಆರು ವರ್ಷದಿಂದ ಬಿಡಾರ ಹೂಡಿತ್ತು. ವಾರವೆಲ್ಲ ಕಾರ್ಖಾನೆಯ ಲೇತಿನ ಮುಂದೆ ನಿಂತು ಕಬ್ಬಿಣ ಕೊರೆಯುವುದು, ರಜೆ ಬಂತೆಂದರೆ ಮನೆಯ ಹಿಂದಿನ ತಗಡಿನ ಶೆಡ್ಡು ಸೇರುವುದು. ಯಾರೋ ಗುಜರಿಗೆ ಹಾಕಿದ್ದ ಪುಟ್ಟ ಕಾರೊಂದನ್ನು ಎಲುಬುಗೂಡಿನವರೆಗೆ ಬಿಚ್ಚಿ, ಬೇಕಾದ ಭಾಗಗಳನ್ನೆಲ್ಲ ತಾನೇ ಕೊರೆದು ಕೂಡಿಸಿ, ಕೆಂಪು ಬಣ್ಣ ಬಳಿದು, ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದ.

ಕೆಂಪಿಗೆ ಹಾರ್ನ್ ಇಲ್ಲ, ದೀಪವಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ಕೂರಲು ಜಾಗವಿಲ್ಲ. ಊರ ರಸ್ತೆಗೆ ಇಳಿಸುವ ಹಾಗೇ ಇಲ್ಲ. ಸ್ಪರ್ಧೆಗೆ ಹೋಗಬೇಕಾದರೆ ಅವಳನ್ನು ಟ್ರೈಲರ್ ಮೇಲೆ ಹತ್ತಿಸಿ, ಹಗ್ಗ ಬಿಗಿದು, ಇನ್ನೊಂದು ಗಾಡಿಯ ಬೆನ್ನಿಗೆ ಕಟ್ಟಿ ಮಹಾರಾಣಿಯ ಹಾಗೆ ಒಯ್ಯಬೇಕು. ಇವರ ಮನೆಯಿರುವುದು ಬೆಟ್ಟದ ಮೇಲಿನ ಊರಿನಲ್ಲಿ, ರೇಸ್ ನಡೆಯುವ ಬಯಲಿರುವುದು ಬೆಟ್ಟದ ಬುಡದಲ್ಲಿ. ನಡುವೆ ಇಪ್ಪತ್ತೆರಡು ತಿರುವುಗಳ ಇಳಿಜಾರು.

ಹೋದ ವರ್ಷ ಯಾರದೋ ಜೀಪನ್ನು ಎರಡು ದಿನಕ್ಕೆ ಕೇಳಿ ತಂದಿದ್ದ. ಎಳೆಯುವ ಶಕ್ತಿ ಅದಕ್ಕೆ ಬೇಕಾದಷ್ಟಿತ್ತು. ಆದರೆ ಇಳಿಜಾರಿನಲ್ಲಿ ಎಳೆಯುವ ಪ್ರಶ್ನೆ ಎಲ್ಲಿ ಬಂತು? ನಾಲ್ಕನೇ ತಿರುವಿನಲ್ಲಿ ಟ್ರೈಲರೇ ಜೀಪನ್ನು ಹಿಂದಿನಿಂದ ನೂಕತೊಡಗಿತು. ಬ್ರೇಕ್ ಪೆಡಲ್ ಮೇಲೆ ಎರಡೂ ಕಾಲಿಟ್ಟು ನಿಂತರೂ ಗಾಡಿ ಕೇಳಲಿಲ್ಲ. ಪ್ರಪಾತದ ಕಡೆ ಹೋಗುವ ಬದಲು ಬಂಡೆಯ ಕಡೆಗೇ ತಿರುಗಿಸಿದ್ದರಿಂದ ಜೀವ ಉಳಿಯಿತು. ಟ್ರೈಲರ್ ಹೊರಳಿ ಬಂಡೆಗೆ ಬಡಿದು ಕೆಂಪಿಯ ಮೂತಿ ನಜ್ಜುಗುಜ್ಜಾಯಿತು, ಜೀಪಿನಲ್ಲಿ ಅವನ ಪಕ್ಕ ಕೂತಿದ್ದ ಹೆಂಡತಿಯ ಭುಜದ ಮೂಳೆ ಮುರಿಯಿತು. ಅವಳು ಮೂರು ತಿಂಗಳು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದಳು. ಸ್ಪರ್ಧೆಯ ದಿನ ಸ್ಟಾಪ್‌ವಾಚ್ ಹಿಡಿದು ಸುತ್ತಿನ ಹೊತ್ತು ಬರೆಯುವವಳು ಅವಳೇ, ಅವಳಿಲ್ಲದೆ ಅವನಿಗೆ ಕೈಕಾಲೇ ಆಡುವುದಿಲ್ಲ.

ಆಸ್ಪತ್ರೆಗೆ ನೋಡಲು ಬಂದವರೆಲ್ಲ ಹಣೆಬರಹದ ಬಗ್ಗೆ ಮಾತಾಡಿ ಹೋದರು. ಅವನ ಸೋದರತ್ತೆ ಮಾತ್ರ ಮಂಚದ ಪಕ್ಕ ನಿಂತು ಬೇರೆಯೇ ಪ್ರಶ್ನೆ ಕೇಳಿದರು.

"ಪೆಡಲ್ ಮೆತ್ತಗಿತ್ತಾ, ಗಟ್ಟಿಯಾಗಿತ್ತಾ?"

"ಗಟ್ಟಿ, ಅತ್ತೆ. ಕಲ್ಲು ತುಳಿದ ಹಾಗೆ."

"ಹೂಂ. ಬ್ರೇಕ್ ಕಾದು ಕಚ್ಚೋದು ಬಿಟ್ಟಿದೆ. ಮುಂದಿನ ಗಾಡಿ ನಾನು ಆರಿಸ್ತೀನಿ."

ಕೂಡಲೇ ಹೆಂಡತಿ ಹಾಸಿಗೆಯಿಂದಲೇ ಕಡ್ಡಿ ಮುರಿದ ಹಾಗೆ ಹೇಳಿದಳು, "ಅತ್ತೆ ಸರಿ ಅಂದ ಗಾಡೀಲಿ ಮಾತ್ರ ನಾನು ಕೂರೋದು. ನೀವೂ ಅಷ್ಟೇ." ಅಲ್ಲಿಗೆ ಆ ಮಾತು ಮುಗಿಯಿತು.

ಈ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ವಯಸ್ಸು ಅರವತ್ತೆರಡು. ಟೈರ್ ಅಂಗಡಿಗೂ ವೆಲ್ಡಿಂಗ್ ಅಂಗಡಿಗೂ ನಡುವೆ ಇರುಕಿಕೊಂಡಿರುವ ಹತ್ತಡಿ ಅಗಲದ ಕೋಣೆಯಲ್ಲಿ ನಲವತ್ತಮೂರು ವರ್ಷದಿಂದ ಅವರದು ಒಂದೇ ಕೆಲಸ, ಬ್ರೇಕ್ ಶೂಗಳಿಗೆ ಹೊಸ ಲೈನಿಂಗ್ ಕಟ್ಟುವುದು. ಚಕ್ರದ ಡ್ರಮ್ಮಿನೊಳಗೆ ಅರ್ಧಚಂದ್ರದ ಆಕಾರದ ಎರಡು ಕಬ್ಬಿಣದ ಶೂಗಳಿರುತ್ತವೆ, ಅವುಗಳ ಬೆನ್ನಿಗೆ ಬೆರಳಿನ ದಪ್ಪದ ಒಂದು ಪಟ್ಟಿ, ಅದೇ ಲೈನಿಂಗ್. ಪೆಡಲ್ ತುಳಿದಾಗ ಆ ಪಟ್ಟಿ ಹೋಗಿ ಡ್ರಮ್ಮನ್ನು ಕಚ್ಚುತ್ತದೆ, ಗಾಡಿ ನಿಲ್ಲುತ್ತದೆ. ಕಚ್ಚಿ ಕಚ್ಚಿ ಸವೆದ ಪಟ್ಟಿಯನ್ನು ಅತ್ತೆ ಉಳಿಯಿಂದ ಎಬ್ಬಿಸಿ ತೆಗೆದು ಹೊಸದನ್ನಿಟ್ಟು ರಿವೆಟ್ ಹೊಡೆಯುತ್ತಾರೆ. ಯಾವಾಗಲೂ ನಡುವಿನಿಂದ ಶುರುಮಾಡಿ ತುದಿಗೆ ಹೋಗುತ್ತಾರೆ. ತುದಿಯಿಂದ ಹೊಡೆದರೆ ಪಟ್ಟಿ ನಡುವೆ ಉಬ್ಬುತ್ತದಂತೆ, ಉಬ್ಬಿದ ಪಟ್ಟಿ ಅರ್ಧ ಮಾತ್ರ ಕಚ್ಚುತ್ತದಂತೆ. ಲಾರಿಯವರು, ಬಸ್ಸಿನವರು, ಹಾಲಿನ ವ್ಯಾನಿನವರು ಎಲ್ಲರೂ ಅವರನ್ನು ನಿಲ್ಲಿಸಮ್ಮ ಎಂದೇ ಕರೆಯುತ್ತಾರೆ. ಕಟ್ಟಿಕೊಂಡ ಗಂಡನೂ ಬದುಕಿದ್ದಷ್ಟು ದಿನ ಹಾಗೇ ಕರೆಯುತ್ತಿದ್ದ, ಅದು ಮಾತ್ರ ಅವರ ಮಾತನ್ನು ನಿಲ್ಲಿಸಲು ತನ್ನಿಂದಾಗದ ಸಿಟ್ಟಿಗೆ.

ಸೋದರಳಿಯನಿಗೆ ಹಳೇ ಪಿಕಪ್ಪೇ ಬೇಕಿತ್ತು. ಹಳೆಯವಕ್ಕೆ ಅಡಿಯಲ್ಲಿ ಏಣಿಯಂಥ ಗಟ್ಟಿ ಚಾಸಿ ಇರುತ್ತದೆ, ಟ್ರೈಲರಿನ ಕೊಕ್ಕೆ ಹಾಕಿದರೆ ಅಲುಗಾಡುವುದಿಲ್ಲ ಎಂದು ಅವನು ಕಾರಣ ಕೊಟ್ಟ. ಅದು ನಿಜ. ಉಂಡೆಯಾದ ಮಡ್‌ಗಾರ್ಡು, ಗುಂಡು ದೀಪ, ತುಟಿ ಮುಂದೆ ಮಾಡಿಕೊಂಡಂಥ ಮೂತಿ ಕಂಡರೆ ಅವನು ಮಗುವಿನ ಹಾಗೆ ಕಣ್ಣರಳಿಸಿ ನಿಂತುಬಿಡುತ್ತಿದ್ದ, ಅದೂ ನಿಜ. ಅತ್ತೆಗೆ ಎರಡೂ ಗೊತ್ತಿತ್ತು.

ನಾಲ್ಕು ತಿಂಗಳಲ್ಲಿ ಎಂಟು ಗಾಡಿ ನೋಡಿದರು. ನೋಡುವುದೆಂದರೆ ಅತ್ತೆಯದು ಒಂದು ವಿಚಿತ್ರ ಕ್ರಮ. ಮಾರುವವನು ಆಸೆಯಿಂದ ಬಾನೆಟ್ ಎತ್ತಿದರೆ "ಮುಚ್ಚಪ್ಪಾ, ಅದು ಆಮೇಲೆ" ಎನ್ನುತ್ತಾರೆ. ಸ್ಟಾರ್ಟ್ ಮಾಡಲು ಹೋದರೆ ಬೇಡ ಎನ್ನುತ್ತಾರೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರು ಬಿಡಿಸಿ, ಹಿಂದೆ ಹೋಗಿ ಒಂದೇ ಅಂಗೈ ಇಟ್ಟು ತಳ್ಳುತ್ತಾರೆ. ತಳ್ಳುವಾಗ ಮುಖ ಪಕ್ಕಕ್ಕೆ ತಿರುಗಿಸಿ, ಯಾರೋ ಗುಟ್ಟು ಹೇಳುತ್ತಿದ್ದಾರೆಂಬಂತೆ ಕಿವಿಗೊಡುತ್ತಾರೆ. ಮೊದಮೊದಲು ಅಳಿಯನಿಗೆ ನಾಚಿಕೆಯಾಗುತ್ತಿತ್ತು.

"ಅತ್ತೆ, ನಾವು ಕೊಳ್ತಿರೋದು ಎಳೆಯೋಕೆ. ತಳ್ಳೋದರಿಂದ ಏನು ಗೊತ್ತಾಗತ್ತೆ?"

"ಉರುಳಬೇಕಾದಾಗ ಸರಿಯಾಗಿ ಉರುಳದ ಗಾಡಿ, ನಿಲ್ಲಬೇಕಾದಾಗಲೂ ಸರಿಯಾಗಿ ನಿಲ್ಲಲ್ಲ ಕಣೋ. ಯಾವುದೋ ಒಂದು ಚಕ್ರ ಹಿಡ್ಕೊಂಡಿರತ್ತೆ, ಇನ್ನೊಂದು ಬಿಟ್ಟುಕೊಂಡಿರತ್ತೆ. ಸುಮ್ನೆ ನೋಡು."

ಎಂಟರಲ್ಲಿ ಒಂದು ನೀಲಿ ಪಿಕಪ್ಪನ್ನು ಅವನು ಇವತ್ತಿಗೂ ಮರೆತಿಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಹಿಡಿಕೆಗಳಿಗೆಲ್ಲ ಬೆಳ್ಳಿಯ ಮೆರುಗು. ಮಾಲೀಕ ಲಾರಿಯ ಎಂಜಿನ್ ತಂದು ಅದರೊಳಗೆ ಕೂರಿಸಿದ್ದ. ಅದನ್ನು ಗುಡುಗಿಸಿದಾಗ ಅಕ್ಕಪಕ್ಕದ ಮನೆಯ ಕಿಟಕಿಗಳು ನಡುಗಿದವು, ಅಳಿಯನ ಮೈಯಲ್ಲಿ ರೋಮಾಂಚನವಾಯಿತು. ಅತ್ತೆ ತಾಳ್ಮೆಯಿಂದ ಕಾದು ಕೇಳಿದರು.

"ಎಂಜಿನ್ ದೊಡ್ಡದು ಹಾಕಿದೀರಿ. ಬ್ರೇಕ್ ಯಾವುದು?"

"ಅದು ಹಳೇದೇ ಅಮ್ಮ. ಒರಿಜಿನಲ್!" ಮಾಲೀಕನಿಗೆ ಅದೂ ಒಂದು ಹೆಮ್ಮೆ.

"ಅಂದ್ರೆ ಆನೆ ತಂದು ಮೇಕೆ ಹಗ್ಗದಲ್ಲಿ ಕಟ್ಟಿದೀರಿ" ಎಂದು ಅತ್ತೆ ಚಪ್ಪಲಿ ಹಾಕಿಕೊಂಡರು. ಅಳಿಯ ಎರಡು ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಉಳಿದ ಏಳರಲ್ಲಿ ಆರಕ್ಕೆ ಒಂದಲ್ಲ ಒಂದು ಕೊರತೆ ಸಿಕ್ಕಿತು. ಒಂದರ ಚಾಸಿ ಮುರಿದದ್ದನ್ನು ಬೆಸೆದು ಮೇಲೆ ಡಾಂಬರು ಬಳಿದಿದ್ದರು, ಅತ್ತೆ ಸಣ್ಣ ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಆ ಜಾಗ ಹಿಡಿದರು. ಮಾರುವವನೇ ಬೆಪ್ಪಾಗಿ ಬಗ್ಗಿ ನೋಡಿದ, ಅವನಿಗೂ ಅದು ಗೊತ್ತಿರಲಿಲ್ಲವಂತೆ.

ಸ್ಪರ್ಧೆಗೆ ಮೂರು ವಾರ ಉಳಿದಿದ್ದಾಗ ಎಂಟನೆಯದು ಸಿಕ್ಕಿತು. ಊರ ಹೊರಗೆ ಹೂವಿನ ಗಿಡ, ಹಣ್ಣಿನ ಸಸಿ ಬೆಳೆಸಿ ಮಾರುವ ಎಂಬತ್ತು ವರ್ಷದ ತಾತ ಒಬ್ಬರಿದ್ದರು. ಎಲ್ಲರಿಗೂ ಸಸಿ ತಾತ. ಕಣ್ಣು ಮಂಜಾದ್ದರಿಂದ ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಅಳಿಯ, ಅವನ ಹೆಂಡತಿ, ಅತ್ತೆ ಮೂವರೂ ಒಂದು ಬೆಳಿಗ್ಗೆ ಅಲ್ಲಿಗೆ ಹೋದರು. ಅಳಿಯ ಸ್ನೇಹಿತನ ವ್ಯಾನಿನ ಹಿಂದೆ ತನ್ನ ಖಾಲಿ ಟ್ರೈಲರನ್ನೂ ಕಟ್ಟಿಕೊಂಡು ಬಂದಿದ್ದ, ಅಷ್ಟರಮಟ್ಟಿಗೆ ಅವನ ಆಸೆ ಹಟ ಹಿಡಿದಿತ್ತು.

ಸಸಿಗಳ ಸಾಲು ದಾಟಿ, ಬಳ್ಳಿ ಹಬ್ಬಿದ ಚಪ್ಪರದಡಿ ಆ ಪಿಕಪ್ಪು ನಿಂತಿತ್ತು. ಒಂದು ಕಾಲದಲ್ಲಿ ಹಸಿರಾಗಿದ್ದ ಬಣ್ಣ ಬಿಸಿಲಿಗೆ ಮಾಸಿ, ಯಾವ ಬಣ್ಣವೆಂದು ಹೇಳಲಾಗದಷ್ಟು ಮಸುಕಾಗಿತ್ತು. ಹಿಂದಿನ ತೊಟ್ಟಿಯ ತಳಕ್ಕೆ ಮರದ ಹಲಗೆ. ಹಲಗೆಗಳ ಸಂದಿನ ಮಣ್ಣಿನಲ್ಲಿ ಎರಡೆಲೆಯ ಸಸಿಯೊಂದು ತಾನಾಗಿ ಹುಟ್ಟಿಕೊಂಡಿತ್ತು. ಬಾಗಿಲು ತೆರೆದರೆ ಕೀಲು ಒಂದು ಸದ್ದೂ ಮಾಡಲಿಲ್ಲ. ಸೀಟಿನ ಮೇಲೆ ಒಬ್ಬನೇ ಮನುಷ್ಯ ಎಷ್ಟೋ ವರ್ಷ ಕೂತ ತಗ್ಗು ಹಾಗೇ ಉಳಿದಿತ್ತು. ಅಳಿಯ ಆ ತಗ್ಗಿನ ಮೇಲೆ ಅಂಗೈ ಆಡಿಸಿದ. ತನಗಿಂತ ಹಿರಿಯದಾದ ಈ ಯಂತ್ರ ಯಾರ ಮೆಚ್ಚುಗೆಯನ್ನೂ ಬೇಡದೆ ಇಷ್ಟು ವರ್ಷ ಗಿಡ ಹೊತ್ತಿದೆಯಲ್ಲ ಎಂದು ಅವನಿಗೆ ತಲೆ ಬಾಗಬೇಕೆನ್ನಿಸಿತು.

ಅತ್ತೆ ಅಂಗೈ ಇಟ್ಟರು. ತಳ್ಳಿದರೋ ಇಲ್ಲವೋ ಎನ್ನುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತು. ಅತ್ತೆಯ ಹುಬ್ಬು ಮೇಲೇರಿದ್ದನ್ನು ನಾಲ್ಕು ತಿಂಗಳಲ್ಲಿ ಅವನು ನೋಡಿದ್ದು ಅದೇ ಮೊದಲು. ಸುತ್ತಿಗೆಯಿಂದ ಚಾಸಿ ತಟ್ಟುತ್ತ ಈ ತುದಿಯಿಂದ ಆ ತುದಿಗೆ ಹೋದರು, ಉದ್ದಕ್ಕೂ ಒಂದೇ ಸ್ವರ ಬಂತು.

"ಚಕ್ರ ಬಿಚ್ಚು" ಎಂದರು.

ಮುಂದಿನ ಎಡಚಕ್ರ ಬಿಚ್ಚಿ, ಡ್ರಮ್ ಎಳೆದ. ಅತ್ತೆ ಕುಕ್ಕರುಗಾಲಲ್ಲಿ ಕೂತು ಒದ್ದೆ ಬಟ್ಟೆಯಿಂದ ಶೂ ಒರೆಸಿದರು. ಒರೆಸುತ್ತಿದ್ದ ಕೈ ನಿಂತಿತು. ಕನ್ನಡಕ ತೆಗೆದು, ಸೆರಗಿನಿಂದ ಉಜ್ಜಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ನೆಲದ ಮೇಲೇ ಕೂತುಬಿಟ್ಟರು.

"ಏನಾಯ್ತು ಅತ್ತೆ?"

ಅವರು ಬೆರಳಿಟ್ಟು ತೋರಿಸಿದರು. ಶೂವಿನ ಅಂಚಿನ ಕಬ್ಬಿಣದಲ್ಲಿ ಉಗುರಿನ ಹಾಗೆ ಬಾಗಿದ ಒಂದು ಸಣ್ಣ ಗೆರೆ, ಅದರ ಪಕ್ಕ ಎರಡು ಚುಕ್ಕೆ.

ಲೈನಿಂಗ್ ಕಟ್ಟುವವರಲ್ಲಿ ಒಂದು ಪದ್ಧತಿಯಿದೆ. ಕೆಲಸ ಮುಗಿದ ಮೇಲೆ ಶೂವಿನ ಅಂಚಿಗೆ ಪಂಚು ಎಂಬ ಮೊನೆಯುಳಿ ಇಟ್ಟು ತಮ್ಮ ಗುರುತು ಹೊಡೆಯುತ್ತಾರೆ. ನಾಳೆ ಏನಾದರೂ ಆದರೆ ಇದು ನನ್ನದಲ್ಲ ಎಂದು ಯಾರೂ ಜಾರಿಕೊಳ್ಳಬಾರದು. ಬಾಗಿದ ಗೆರೆ ಅತ್ತೆಯ ಅಪ್ಪನದು. ಎರಡು ಚುಕ್ಕೆ ಅತ್ತೆಯದು.

"ಅಪ್ಪನಿಗೆ ಕೈ ನಡುಕ ಶುರುವಾದ ವಾರ" ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ. "ಸುತ್ತಿಗೆ ಹಿಡಿಯೋಕೆ ಆಗ್ತಿರಲಿಲ್ಲ. ಕೆಲಸ ಒಪ್ಪಿಕೊಂಡುಬಿಟ್ಟಿದ್ರು. ನನಗೆ ಹತ್ತೊಂಬತ್ತು. ನಾನೇ ಕಟ್ಟಿದೆ. ಗುರುತು ಹೊಡೆಯೋ ಹೊತ್ತಿಗೆ ಭಯ ಆಯ್ತು. ಅಪ್ಪಂದು ಹೊಡೆದ್ರೆ ಸುಳ್ಳು, ಹೊಡೀದೇ ಕಳಿಸಿದ್ರೆ ಕಳ್ಳ ಕೆಲಸ. ಅವರದ್ದೂ ಹೊಡೆದು ಪಕ್ಕದಲ್ಲಿ ಎರಡು ಚುಕ್ಕೆ ಇಟ್ಟೆ. ಮಾರನೇ ಸಲದಿಂದ ಬರೀ ಚುಕ್ಕೆ. ಎರಡೂ ಒಟ್ಟಿಗಿರೋದು ಈ ಒಂದು ಗಾಡೀಲಿ ಮಾತ್ರ."

ಸಸಿ ತಾತ ಹತ್ತಿರ ಬಂದು ಮಂಜುಗಣ್ಣಿನಿಂದ ಅವರನ್ನೇ ನೋಡಿದರು. "ಎರಡು ಜಡೆ ಹಾಕ್ಕೊಂಡಿದ್ದ ಹುಡುಗಿ ನೀನೇನಾ? ಅಪ್ಪ ಎಲ್ಲಮ್ಮಾ ಅಂತ ಕೇಳಿದ್ರೆ, ಇವತ್ತು ನಾನೇ ಅಪ್ಪ ಅಂದಿದ್ದೆ!"

"ಹಾಗಂದಿದ್ನಾ ನಾನು?" ಎಂದರು ಅತ್ತೆ. ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

ನಲವತ್ತಮೂರು ವರ್ಷ. ತಾತ ಬೇರೆ ಯಾವ ರಿಪೇರಿಯವನನ್ನೂ ಈ ಚಕ್ರಗಳ ಹತ್ತಿರ ಬಿಟ್ಟಿರಲಿಲ್ಲ. ಸಂತೆಗೂ ತೋಟಕ್ಕೂ ನಡುವೆ ಸಮತಟ್ಟಾದ ಎರಡು ಮೈಲಿ, ಸೈಕಲ್ಲಿನವರು ಹಿಂದೆ ಹಾಕಿ ಹೋಗುವಷ್ಟು ನಿಧಾನ. "ನಾನು ಬ್ರೇಕ್ ತುಳಿಯೋಕೆ ಮೊದಲೇ ಅದೇ ನಿಂತುಬಿಡ್ತಿತ್ತು" ಎಂದರು ತಾತ. ಪಟ್ಟಿ ಇನ್ನೂ ಅರ್ಧಕ್ಕಿಂತ ಹೆಚ್ಚು ದಪ್ಪ ಉಳಿದಿತ್ತು. ಒಂದು ರಿವೆಟ್ಟೂ ಅಲುಗಿರಲಿಲ್ಲ. ಹತ್ತೊಂಬತ್ತರ ಹುಡುಗಿಯೊಬ್ಬಳು ಹೆದರುತ್ತ ಹೊಡೆದ ರಿವೆಟ್ಟುಗಳನ್ನು ಅಳಿಯ ಎಣಿಸುತ್ತ ಕೂತ. ಲೇತಿನ ಮುಂದೆ ಇಷ್ಟು ವರ್ಷ ನಿಂತ ತನ್ನ ಕೈಯಿಂದ ಹೊರಟ ಯಾವ ವಸ್ತು ಇಷ್ಟು ಬಾಳಿದೆ ಎಂದು ಯೋಚಿಸಿದರೆ ಒಂದೂ ಹೊಳೆಯಲಿಲ್ಲ.

"ಡ್ರಮ್ ಮುಚ್ಚು" ಎಂದು ಅತ್ತೆ ಎದ್ದರು. "ಉಳಿದ ಮೂರು ಬಿಚ್ಚೋದು ಬೇಡ. ಇದೇ ಗಾಡಿ. ತಗೋ."

ಅಳಿಯನಿಗೆ ಆಕಾಶಕ್ಕೆ ಮೂರೇ ಗೇಣು. ಆದರೆ ಹೆಂಡತಿ ಅಲ್ಲೇ ನಿಂತಿದ್ದಳು. ಭುಜ ಈಗಲೂ ಚಳಿಗೆ ನೋಯುತ್ತಿತ್ತು ಅವಳಿಗೆ.

"ಅತ್ತೆ, ಮೂಟೆ ಹೇರಿ ಇಳಿಜಾರಿನಲ್ಲಿ ಇಳಿಸಿ ನೋಡಲ್ವಾ? ಗಾಡಿ ಹಿಡಿಸಿದ್ರೆ ಮೂರು ಸಲ ಇಳಿಸದೇ ಸರಿ ಅನ್ನಲ್ಲ ಅಂತ ನೀವೇ ಹೇಳಿದ್ರಿ."

"ನನ್ನ ಕೈ ಕೆಲಸ ನನಗೆ ಗೊತ್ತಿಲ್ವಾ?" ಅತ್ತೆಯ ದನಿ ಚುರ್ರೆಂದಿತು. ಅವರು ಈ ಸೊಸೆಯ ಮೇಲೆ ಎಂದೂ ರೇಗಿದವರಲ್ಲ. "ನಲವತ್ತಮೂರು ವರ್ಷ ನಿಂತಿದೆ. ಇನ್ನೇನು ಪರೀಕ್ಷೆ ಬೇಕು ನಿಂಗೆ?"

ಅಳಿಯ ಹೆಂಡತಿಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದ, ಆ ಕಣ್ಸನ್ನೆಯನ್ನು ನೆನೆದು ಆಮೇಲೆ ಎಷ್ಟೋ ದಿನ ನಾಚಿದ. ಅತ್ತೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯತೊಡಗಿದರು. ಕೊಳೆ ಹೋದ ಮೇಲೂ ತೊಳೆಯುತ್ತಲೇ ಇದ್ದರು. ಕೊನೆಗೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ತಿರುಗಿ ಬಂದು, ಒಂದೇ ಮಾತು ಹೇಳಿದರು.

"ಮೂಟೆ ಹೇರು."

ತೋಟದ ಮೇಲಿನ ಗೇಟಿನಿಂದ ಕೆಳಗಿನ ನೀರಿನ ತೊಟ್ಟಿಯವರೆಗೆ ಕಡಿದಾದ ಮಣ್ಣಿನ ದಾರಿಯಿತ್ತು. ಕೆಂಪಿಯ ತೂಕಕ್ಕೆ ಸಮನಾಗಿ ಟ್ರೈಲರಿನ ಮೇಲೆ ಮಣ್ಣಿನ ಮೂಟೆಗಳನ್ನು ಪೇರಿಸಿದರು. ಅಳಿಯ ಸ್ಟೀರಿಂಗ್ ಹಿಡಿದ. ಅತ್ತೆ ಪಕ್ಕದಲ್ಲಿ ಹತ್ತಿ ಕೂತರು. ಹೆಂಡತಿಯೂ ಹತ್ತಲು ಬಂದರೆ "ನೀನಲ್ಲ, ಕಟ್ಟಿದವಳು ನಾನು" ಎಂದು ಬಾಗಿಲು ಎಳೆದುಕೊಂಡರು.

ಮೊದಲ ಸಲ ಗಾಡಿ ಹೇಳಿದ ಕಡೆ ನಿಂತಿತು. ಅಳಿಯ ಹಿಗ್ಗಿದ. ಎರಡನೇ ಸಲವೂ ನಿಂತಿತು, ಆದರೆ ನಾಲ್ಕು ಹೆಜ್ಜೆ ಮುಂದೆ ಹೋಗಿ. ಸುಟ್ಟ ವಾಸನೆ ಕಿಟಕಿಯಿಂದ ಒಳಗೆ ಬಂತು. ಅತ್ತೆ ಮತ್ತೆ ಮೇಲಕ್ಕೆ ಎಂದು ಬೆರಳು ತೋರಿಸಿದರು. ಮೂರನೇ ಸಲ ಅರ್ಧ ದಾರಿಯಲ್ಲಿ ಪೆಡಲ್ ತುಳಿದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಗಾಡಿ ಮಾತ್ರ ಇಳಿಯುತ್ತಲೇ ಇತ್ತು. ನಾಲ್ಕನೇ ತಿರುವು, ಬಂಡೆ, ಹೆಂಡತಿಯ ಚೀತ್ಕಾರ ಎಲ್ಲ ಅಳಿಯನಿಗೆ ಒಂದೇ ಸಲ ನೆನಪಾದವು.

"ಎರಡನೇ ಗೇರು" ಎಂದರು ಅತ್ತೆ, ಅಂಗಡಿಯಲ್ಲಿ ರಿವೆಟ್ ಡಬ್ಬಿ ಕೇಳುವ ದನಿಯಲ್ಲಿ. "ಈಗ ಒಂದನೇದು. ಕೈ ಬ್ರೇಕು, ನಿಧಾನಕ್ಕೆ. ಎಡಕ್ಕೆ ತಿರುಗಿಸು, ಕುಂಡಗಳ ಕಡೆ. ಹೆದರಬೇಡ, ನಾನಿದೀನಿ."

ಹೂಕುಂಡಗಳನ್ನು ಪಟಪಟನೆ ಒಡೆಯುತ್ತ ಹೋಗಿ ಗಾಡಿ ನಿಂತಿತು. ನೀರಿನ ತೊಟ್ಟಿಗೆ ಇನ್ನೊಂದು ಮಾರು ದೂರವಿತ್ತು. ಹೆಂಡತಿ ಓಡಿ ಬಂದಳು. ಸಸಿ ತಾತ ಕೋಲೂರಿಕೊಂಡು ಬಂದು ಮೊದಲು ಮನುಷ್ಯರನ್ನು ನೋಡಿ, ಆಮೇಲೆ ಕುಂಡಗಳನ್ನು ನೋಡಿ, "ಹೋಗ್ಲಿ, ಅವು ಖರ್ಚಾಗದೇ ಉಳಿದಿದ್ದವೇ" ಎಂದರು.

ಚಕ್ರ ತಣ್ಣಗಾದ ಮೇಲೆ ನಾಲ್ಕನ್ನೂ ಬಿಚ್ಚಿದರು. ಪಟ್ಟಿ ದಪ್ಪವಾಗಿಯೇ ಇತ್ತು, ಆದರೆ ಅಷ್ಟು ವರ್ಷದ ಮೆತ್ತನೆಯ ತಿಕ್ಕಾಟಕ್ಕೆ ಮೇಲ್ಮೈ ಗಾಜಾಗಿತ್ತು. ಅತ್ತೆ ಉಗುರಿನಿಂದ ಕೆರೆದರು, ಉಗುರು ಜಾರಿತು. ಸಮತಟ್ಟಾದ ದಾರಿಯಲ್ಲಿ ಅದು ಇನ್ನೂ ಹತ್ತು ವರ್ಷ ಮರ್ಯಾದೆ ಉಳಿಸಿಕೊಳ್ಳುತ್ತಿತ್ತು. ಭಾರ ಹೊತ್ತು ಇಳಿದು ಕಾದರೆ ಅದಕ್ಕೆ ಕಚ್ಚುವ ಹಲ್ಲೇ ಇರಲಿಲ್ಲ.

"ಬಿಡಮ್ಮ" ಎಂದರು ತಾತ. "ನಲವತ್ತಮೂರು ವರ್ಷ ಅಂದ್ರೆ ಏನು ಕಡಿಮೇನಾ? ನಿಂದೇನು ತಪ್ಪು?"

"ಪಟ್ಟಿದು ತಪ್ಪಲ್ಲ ಯಜಮಾನ್ರೇ. ಅದು ಮಾಡಬೇಕಾದ್ದಕ್ಕಿಂತ ಹೆಚ್ಚೇ ಮಾಡ್ತು. ನನ್ನ ಗುರುತು ಕಂಡ ತಕ್ಷಣ ಪರೀಕ್ಷೆ ಬೇಡ ಅಂದೆನಲ್ಲ, ಅದು ತಪ್ಪು. ಬೇರೆಯವರ ಗುರುತಾಗಿದ್ರೆ ಹತ್ತು ಸಲ ಇಳಿಸ್ತಿದ್ದೆ." ಆಮೇಲೆ ಅವರು ಹೆಂಡತಿಯ ಕಡೆ ತಿರುಗಿದರು. "ನೀನು ಬಾಯಿ ಬಿಡದೇ ಇದ್ದಿದ್ರೆ ಮೂರು ವಾರದಲ್ಲಿ ನಿಮ್ಮಿಬ್ಬರನ್ನೂ ನಾನೇ ಆ ಬೆಟ್ಟದಿಂದ ತಳ್ಳಿರ್ತಿದ್ದೆ. ನಿನ್ನ ಮೇಲೆ ರೇಗಿದೆ. ತಪ್ಪಾಯ್ತು ಮಗಳೇ."

ಹೆಂಡತಿ ಅವರ ಮಸಿ ಹತ್ತಿದ ಕೈ ಹಿಡಿದುಕೊಂಡಳು. ಊರಿನ ಅರ್ಧ ಲಾರಿಗಳು ಯಾರ ಮಾತನ್ನು ನಂಬಿ ಓಡುತ್ತವೋ ಅಂಥವರು, ಹೊರಗಿನವರಾದ ತಾತನ ಎದುರು, ತಮ್ಮ ಮೊದಲ ಕೆಲಸದ ಮುಂದೆ ನಿಂತು, ತಮಗಿಂತ ಮೂವತ್ತು ವರ್ಷ ಚಿಕ್ಕವಳಲ್ಲಿ ತಪ್ಪಾಯಿತು ಎಂದಿದ್ದರು. ಪಿಕಪ್ಪಿನ ಮುಂದೆ ಬೆಳಿಗ್ಗೆ ತಲೆ ಬಾಗಬೇಕೆನ್ನಿಸಿದ್ದು ನೆನಪಾಗಿ ಅಳಿಯನಿಗೆ ನಗು ಬಂತು. ಯಾರ ಮುಂದೆ ಬಾಗಬೇಕಿತ್ತು ಎಂದು ಅವನಿಗೆ ಈಗ ಗೊತ್ತಾಗಿತ್ತು.

"ಹಾಗಾದ್ರೆ ಈ ಗಾಡಿ ಬೇಡ್ವಾ ಅತ್ತೆ?" ಎಂದು ಮೆಲ್ಲಗೆ ಕೇಳಿದ.

"ಗಾಡಿ ಬಂಗಾರ ಕಣೋ! ಸೋತಿದ್ದು ನಾನು, ಅದಲ್ಲ. ತಗೋ."

ಮುಂದಿನ ಎರಡು ವಾರ ಅಂಗಡಿಯ ಬಾಗಿಲಿಗೆ ಅರ್ಧ ಪರದೆ ಬಿತ್ತು. ಅತ್ತೆ ಬೇರೆ ಕೆಲಸ ಮುಟ್ಟಲಿಲ್ಲ. ತಮ್ಮ ಹಳೆಯ ಪಟ್ಟಿಯನ್ನು ಉಳಿಯಿಂದ ಎಬ್ಬಿಸಿ ತೆಗೆದಾಗ ಒಂದು ಚೂರನ್ನಾದರೂ ನೆನಪಿಗೆ ಇಟ್ಟುಕೊಳ್ಳುತ್ತಾರೆಂದು ಅಳಿಯ ಅಂದುಕೊಂಡಿದ್ದ. ಅವರು ಎಲ್ಲವನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ ಕಸಕ್ಕೆ ಹಾಕಿದರು. ಅಳಿಯ ನಾಲ್ಕೂ ಡ್ರಮ್ಮುಗಳನ್ನು ಕಾರ್ಖಾನೆಯ ಲೇತಿಗೆ ಹಾಕಿ ಒಳಮೈ ಕೂದಲೆಳೆಯಷ್ಟು ಕೊರೆದು ಹೊಸದು ಮಾಡಿದ. ಅತ್ತೆ ಡ್ರಮ್ಮಿನೊಳಗೆ ಸೀಮೆಸುಣ್ಣ ಬಳಿದು, ಶೂ ಇಟ್ಟು ತಿರುಗಿಸಿ, ಪಟ್ಟಿಯ ಮೇಲೆ ಬಿಳಿ ಎಲ್ಲೆಲ್ಲಿ ಅಂಟಿತೆಂದು ನೋಡಿ, ಅಂಟಿದಲ್ಲಿ ಉಜ್ಜಿ, ಮತ್ತೆ ಬಳಿದು ಮತ್ತೆ ತಿರುಗಿಸಿ ನೋಡುತ್ತಿದ್ದರು. ಇಡೀ ಪಟ್ಟಿ ಒಂದೇ ಸಮ ಬೆಳ್ಳಗಾಗುವವರೆಗೆ ಬಿಡಲಿಲ್ಲ. ಟ್ರೈಲರಿಗೂ ಅದರದೇ ಬ್ರೇಕ್ ಹಾಕಿಸಿದರು. ಆಮೇಲೆ ತಾತನ ತೋಟದಲ್ಲಿ ಮೂಟೆ ಹೇರಿ ಹತ್ತು ಸಲ ಇಳಿಸಿದರು, ಹತ್ತನೆಯ ಸಲವೂ ಗಾಡಿ ಮೊದಲ ಸಲ ನಿಂತ ಗೆರೆಯ ಮೇಲೇ ನಿಂತಿತು. ಉಳಿದಿದ್ದ ಕುಂಡಗಳನ್ನು ತಾತ ಮುಂಚೆಯೇ ಬೇರೆ ಕಡೆ ಸಾಗಿಸಿದ್ದರು.

ಸ್ಪರ್ಧೆಯ ದಿನ ಬೆಳಕು ಹರಿದ ಮೇಲೆ ಹೊರಟರು. ಹಿಂದೆ ಕೆಂಪಿ, ಮುಂದಿನ ಸೀಟಿನಲ್ಲಿ ಮೂವರು. ಅತ್ತೆ ಕಿಟಕಿಯ ಪಕ್ಕ. ಊರು ಮುಗಿದು, ಮರಗಳ ಸಾಲು ಮುಗಿದು, ಮೊದಲ ತಿರುವಿನಲ್ಲಿ ನೆಲ ಇದ್ದಕ್ಕಿದ್ದಂತೆ ಕೊನೆಯಾಯಿತು. ಕೆಳಗೆ ಮಂಜು, ಮಂಜಿನ ಕೆಳಗೆ ಇನ್ನೂ ಕೆಳಗೆ ದಾರದಷ್ಟು ಸಣ್ಣಗೆ ಇದೇ ರಸ್ತೆ. ಅತ್ತೆ ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದರು.

"ಇಷ್ಟು ಆಳ ಇದೆಯಾ?" ಎಂದರು.

ಅಳಿಯ ಬೆರಗಾಗಿ ಅವರನ್ನು ನೋಡಿದ. "ಯಾಕತ್ತೆ, ನೀವು ಈ ರಸ್ತೆ ನೋಡೇ ಇಲ್ವಾ?"

ನೋಡಿರಲಿಲ್ಲ. ಬೆಟ್ಟದ ಕೆಳಗೆ ಅವರಿಗೆ ನೆಂಟರಿರಲಿಲ್ಲ, ಕೆಲಸವಿರಲಿಲ್ಲ. ಎಲ್ಲಿಗಾದರೂ ಹೋದರೆ ರೈಲಿನಲ್ಲಿ ಹೋಗಿದ್ದರು, ರೈಲು ಹೋಗುತ್ತಿದ್ದುದು ಇನ್ನೊಂದು ದಿಕ್ಕಿಗೆ. ಹತ್ತಡಿಯ ಕೋಣೆಯಲ್ಲಿ ಕೂತು ನಲವತ್ತಮೂರು ವರ್ಷ ಅವರು ಈ ರಸ್ತೆಗಾಗಿಯೇ ಪಟ್ಟಿ ಕಟ್ಟಿದ್ದರು. ಇಳಿಜಾರು ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡಿದ್ದರು. ಅದು ಹೀಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಗಾಡಿ ಇಳಿಯಿತು. ಅಳಿಯ ಪೆಡಲ್ ತುಳಿದಾಗಲೆಲ್ಲ ಅದು ಹೇಳಿದ ಮಾತು ಕೇಳಿತು. ನಾಲ್ಕನೇ ತಿರುವಿನಲ್ಲಿ ಬಂಡೆಯ ಮೇಲೆ ಕೆಂಪು ಬಣ್ಣದ ಗೀರು ಇನ್ನೂ ಉಳಿದಿತ್ತು. ಹೆಂಡತಿ ಅವನ ತೋಳು ಹಿಡಿದಳು, ಆ ತಿರುವು ದಾಟಿದ ಮೇಲೆ ಬಿಟ್ಟಳು. ಅತ್ತೆ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಮುಂದೆ ಮುಂದೆ ಇಳಿಯುತ್ತಿದ್ದ ಲಾರಿಗಳನ್ನು ನೋಡುತ್ತಿದ್ದರು. ಸಿಮೆಂಟಿನ ಲಾರಿ, ಹಾಲಿನ ವ್ಯಾನು, ಕಿಟಕಿಗೆ ತಲೆಯೊರಗಿಸಿ ಜನ ನಿದ್ದೆ ಮಾಡುತ್ತಿದ್ದ ಒಂದು ಬಸ್ಸು. ಆ ಬಸ್ಸು ಪ್ರಪಾತದ ಅಂಚಿಗೆ ಮೂತಿ ಚಾಚಿ, ತಡೆದು, ತಿರುಗಿ, ಕಣ್ಮರೆಯಾಗುವವರೆಗೂ ಅವರು ಉಸಿರು ಹಿಡಿದಿದ್ದರು.

"ನಿದ್ದೆ ಮಾಡ್ತಿದಾರೆ ನೋಡೋ" ಎಂದರು. "ಇಂಥ ಜಾಗದಲ್ಲಿ ಜನ ನಿದ್ದೆ ಮಾಡ್ತಾರೆ. ಯಾರೋ ಒಬ್ಬರು ಸರಿಯಾಗಿ ರಿವೆಟ್ ಹೊಡೆದಿದಾರೆ ಅಂತ ನಂಬಿ."

ಇಪ್ಪತ್ತೆರಡನೆಯ ತಿರುವು ದಾಟಿ, ಬುಡದಲ್ಲಿ ಲಾರಿಗಳು ನಿಲ್ಲುವ ಬಯಲಿನಲ್ಲಿ ಅಳಿಯ ಗಾಡಿ ನಿಲ್ಲಿಸಿದ. ಕೆಂಪಿಯ ಹಗ್ಗ ಒಂದೂ ಸಡಿಲವಾಗಿರಲಿಲ್ಲ. ಹೆಂಡತಿ ಸ್ಟಾಪ್‌ವಾಚ್ ತೆಗೆದು ಕೊರಳಿಗೆ ಹಾಕಿಕೊಂಡು, ಇನ್ನರ್ಧ ಗಂಟೆಯಲ್ಲಿ ಹೆಸರು ಕೊಡಬೇಕು ಎಂದಳು. ತಿರುಗಿ ನೋಡಿದರೆ ಅತ್ತೆ ಪಕ್ಕದಲ್ಲಿರಲಿಲ್ಲ.

ಅವರು ಆಗಷ್ಟೇ ಇಳಿದು ನಿಂತ ಸಿಮೆಂಟಿನ ಲಾರಿಯ ಹತ್ತಿರ ಹೋಗಿದ್ದರು. ಚಕ್ರದ ಮುಂದೆ ಬಗ್ಗಿ, ಡ್ರಮ್ಮಿಗೆ ತಾಗಿಯೂ ತಾಗದ ಹಾಗೆ ಅಂಗೈ ಹಿಡಿದು ಕಾವು ಹದದಲ್ಲಿದೆಯೇ ಎಂದು ನೋಡುತ್ತಿದ್ದರು. ಡ್ರೈವರ್ ಕಿಟಕಿಯಿಂದ ತಲೆ ಹಾಕಿದ.

"ಏನಮ್ಮಾ, ಏನು ನೋಡ್ತಿದೀರಾ?"

"ಏನಿಲ್ಲಪ್ಪ. ಚೆನ್ನಾಗಿ ಇಳಿದು ಬಂದೆ ನೀನು."

ಅವರು ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಹೋದರು, ಅಲ್ಲಿಂದ ಪಕ್ಕದ ಲಾರಿಗೆ. ಆಮೇಲೆ ತಲೆಯೆತ್ತಿ, ಮಂಜು ಕರಗಿ ಪೂರ್ತಿ ಕಾಣತೊಡಗಿದ್ದ ಬೆಟ್ಟವನ್ನು ನೋಡುತ್ತ ನಿಂತುಬಿಟ್ಟರು. ಹೊತ್ತಾಯಿತು ಬನ್ನಿ ಎಂದು ಕರೆಯಲು ಅಳಿಯ ಎರಡು ಹೆಜ್ಜೆ ಹೋದ. ಕರೆಯಲು ಮನಸ್ಸು ಬರಲಿಲ್ಲ, ಅವನೂ ಅವರ ಪಕ್ಕದಲ್ಲಿ ಹೋಗಿ ನಿಂತ.